ಬ್ರಿಟಿಷರ ಊಟದ ಮೇಜಿನಲ್ಲಿ ಇಂಗ್ಲಿಷ್ ಕಲಿಯೋಣ: ಒಂದು ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ಇಂಗ್ಲಿಷ್ ಓದಿದವರು, ಆಫೀಸಿನಲ್ಲಿ ದಿನವೂ ಇಂಗ್ಲಿಷ್‌ನಲ್ಲೇ ಮೇಲ್ ಬರೆಯುವವರು ಕೂಡ ಬ್ರಿಟನ್ನಿನ ಸಣ್ಣ ಕೆಫೆಯೊಂದರಲ್ಲಿ ತಡವರಿಸುತ್ತಾರೆ. ಕೌಂಟರ್ ಆಚೆಯವರು 'ಈಟ್ ಇನ್ ಆರ್ ಟೇಕ್ ಅವೇ, ಲವ್?' ಅಂತ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಪದಗಳೆಲ್ಲ ಗೊತ್ತಿರುವವೇ. ಇಲ್ಲೇ ತಿನ್ನುತ್ತೀರಾ, ಕಟ್ಟಿಸಿಕೊಂಡು ಹೋಗುತ್ತೀರಾ ಅಂತಷ್ಟೇ ಅರ್ಥ. ಆದರೂ ಏನು ಕೇಳಿದರು ಅಂತ ಹೊಳೆಯುವುದಿಲ್ಲ. ವ್ಯಾಕರಣ ಬರದೆ ಹೀಗಾಗುವುದಲ್ಲ. ಆ ಮಾತು ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ, ಯಾವ ತಟ್ಟೆಯ ಮುಂದೆ ಬರುತ್ತದೆ ಅನ್ನುವುದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಅದಕ್ಕೇ ಈ ಮಾರ್ಗದರ್ಶಿ. ಓದಲು ಅಥವಾ ಕೆಲಸಕ್ಕೆ ಹೊರಟವರಿಗೆ, ನರ್ಸ್ ಆಗಿ ಹೋಗುವವರಿಗೆ, ಅಲ್ಲಿರುವ ಮಗ ಸೊಸೆಯ ಮನೆಗೆ ಕೆಲವು ತಿಂಗಳಿದ್ದು ಬರುವ ಅಪ್ಪ ಅಮ್ಮನಿಗೆ, ಊರಲ್ಲೇ ಕೂತು ಒಳ್ಳೆಯ ಇಂಗ್ಲಿಷ್ ಕಲಿಯಬೇಕೆನ್ನುವವರಿಗೆ, ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ನನ್ನ ಸಲಹೆ ಇಷ್ಟೇ: ಪದವನ್ನು ಒಂಟಿಯಾಗಿ ಕಲಿಯಬೇಡಿ. ಅದು ಕೂತಿರುವ ಇಡೀ ವಾಕ್ಯವನ್ನು, ಅದನ್ನು ಹೇಳುವ ಸಂದರ್ಭದ ಜೊತೆಗೇ ಕಲಿಯಿರಿ. ಇದಕ್ಕೆ ಊಟ ತಿಂಡಿಗಿಂತ ಒಳ್ಳೆಯ ದಾರಿ ಇಲ್ಲ. ದಿನಕ್ಕೆ ಮೂರು ನಾಲ್ಕು ಸಲ ಅಭ್ಯಾಸ ಮಾಡಲು ಅವಕಾಶ ತಾನಾಗಿಯೇ ಸಿಗುತ್ತದೆ.

ಹೆಜ್ಜೆ 1: ಸಂದರ್ಭಕ್ಕೊಂದು ಪುಟ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಅಕ್ಷರಮಾಲೆಯ ಕ್ರಮದಲ್ಲಿ ಪದಪಟ್ಟಿ ಬರೆಯಬೇಡಿ. 'ಟೀ ಹೊತ್ತು', 'ಸೂಪರ್‌ಮಾರ್ಕೆಟ್', 'ಪಬ್', 'ಯಾರದೋ ಮನೆಗೆ ಊಟಕ್ಕೆ ಹೋದಾಗ' ಹೀಗೆ ಪುಟಗಳಿಗೆ ಹೆಸರಿಡಿ. ಎಡಗಡೆ ಅವರು ಹೇಳುವ ಮಾತು, ಬಲಗಡೆ ನೀವು ಕೊಡಬೇಕಾದ ಉತ್ತರ. ಈ ಲೇಖನದಲ್ಲಿ ಇಂಗ್ಲಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಸ್ಪೆಲಿಂಗ್ ನೀವೇ ಹುಡುಕಿ ಬರೆದುಕೊಳ್ಳಿ. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ ಅನ್ನುವ ಈ ಕ್ರಮ ಉಚ್ಚಾರಣೆಗೆ ತುಂಬಾ ಒಳ್ಳೆಯದು.

ಎಣಿಕೆಯಾಗದ ವಸ್ತುಗಳನ್ನು ಅಳತೆಯ ಪದದ ಜೊತೆಗೇ ಬರೆಯಿರಿ. ಸುಮ್ನೆ 'ಬ್ರೆಡ್' ಅಲ್ಲ, 'ಎ ಲೋಫ್ ಆಫ್ ಬ್ರೆಡ್', 'ಎ ಸ್ಲೈಸ್ ಆಫ್ ಟೋಸ್ಟ್'. ಬೆಣ್ಣೆಯ ಸಣ್ಣ ಮುದ್ದೆಗೆ 'ಎ ನಾಬ್ ಆಫ್ ಬಟರ್'. ಕೆನೆ ಒಂದು ಚಮಚ ಹಾಕಿದರೆ 'ಎ ಡಾಲಪ್ ಆಫ್ ಕ್ರೀಮ್'. ಬೆಳ್ಳುಳ್ಳಿ ಎಸಳಿಗೆ 'ಎ ಕ್ಲೋವ್ ಆಫ್ ಗಾರ್ಲಿಕ್'. ಚಿಟಿಕೆ ಉಪ್ಪಿಗೆ 'ಎ ಪಿಂಚ್ ಆಫ್ ಸಾಲ್ಟ್'. ಈ ಜೋಡಿಗಳು ಬಾಯಿಗೆ ಬಂದರೆ ನಿಮ್ಮ ಇಂಗ್ಲಿಷ್ ಅರ್ಧ ಬ್ರಿಟಿಷ್ ಆದಂತೆಯೇ.

ಹೆಜ್ಜೆ 2: ಟೀಯಿಂದ ಶುರು ಮಾಡಿ

ನಾವು 'ಟೀ ಇಡ್ತೀನಿ' ಅಂದರೆ ಪಾತ್ರೆಯಲ್ಲಿ ನೀರು, ಹಾಲು, ಪುಡಿ, ಸಕ್ಕರೆ ಎಲ್ಲಾ ಕುದಿಯುತ್ತದೆ. ಅವರು 'ಐ ವಿಲ್ ಪುಟ್ ದ ಕೆಟಲ್ ಆನ್' ಅನ್ನುತ್ತಾರೆ. ಕರೆಂಟ್ ಕೆಟಲ್‌ನಲ್ಲಿ ಬರೀ ನೀರು ಕಾಯುತ್ತದೆ. ಮಗ್‌ನಲ್ಲಿ ಟೀ ಬ್ಯಾಗ್ ಇಟ್ಟು ಬಿಸಿನೀರು ಹಾಕಿ, ಕೊನೆಗೆ ತಣ್ಣನೆಯ ಹಾಲು ಸೇರಿಸುತ್ತಾರೆ. ಮಾಡುವ ರೀತಿ ಹೀಗಿರುವುದರಿಂದಲೇ ಪ್ರತಿಯೊಬ್ಬರಿಗೂ 'ಹೌ ಡು ಯು ಟೇಕ್ ಇಟ್?' ಅಂತ ಕೇಳಬೇಕಾಗುತ್ತದೆ. ಉತ್ತರ ಚಿಕ್ಕದಾಗಿರಲಿ: 'ಮಿಲ್ಕ್, ನೋ ಶುಗರ್, ಪ್ಲೀಸ್' ಅಥವಾ 'ಜಸ್ಟ್ ಎ ಸ್ಪ್ಲಾಶ್ ಆಫ್ ಮಿಲ್ಕ್'. ಗಾಢವಾಗಿ, ಹಾಲು ಸಕ್ಕರೆ ಹಾಕಿದ ಟೀಗೆ 'ಬಿಲ್ಡರ್ಸ್ ಟೀ' ಅನ್ನುತ್ತಾರೆ. ನಮ್ಮ ರುಚಿಗೆ ಅದೇ ಹತ್ತಿರ.

'ಕಪ್ಪಾ' ಅಂದರೂ ಒಂದು ಕಪ್ ಟೀ, ಉತ್ತರ ಇಂಗ್ಲೆಂಡಿನಲ್ಲಿ 'ಬ್ರೂ' ಅಂದರೂ ಅದೇ. 'ಫ್ಯಾನ್ಸಿ ಎ ಬ್ರೂ?' ಅಂತ ಕೇಳಿದರೆ 'ಟೀ ಕುಡಿಯೋಣ್ವಾ?' ಅಂತ ಅರ್ಥ. 'ಐ ಕುಡ್ ಮರ್ಡರ್ ಎ ಕಪ್ ಆಫ್ ಟೀ' ಅಂದರೆ ಗಾಬರಿಯಾಗಬೇಡಿ. ಟೀ ಕುಡಿಯಲೇಬೇಕು ಅನ್ನಿಸುತ್ತಿದೆ ಅಂತಷ್ಟೇ. ಬಿಸ್ಕಿಟ್ಟನ್ನು ಟೀಯಲ್ಲಿ ಅದ್ದುವುದು 'ಡಂಕ್'. 'ಡೈಜೆಸ್ಟಿವ್' ಅನ್ನುವ ಗೋಧಿ ಬಿಸ್ಕಿಟ್ ಎಷ್ಟು ಹೊತ್ತು ಅದ್ದಿದರೆ ಮುರಿದು ಬೀಳುತ್ತದೆ ಅಂತ ಅವರು ನಿಜಕ್ಕೂ ಚರ್ಚೆ ಮಾಡುತ್ತಾರೆ. ಅಪರಿಚಿತರ ಜೊತೆ ಮಾತು ಶುರು ಮಾಡಲು ಇಷ್ಟು ಸುಲಭದ ವಿಷಯ ಇನ್ನೊಂದಿಲ್ಲ.

ಟೀ ಅವರ ಬದುಕಿನಲ್ಲಿ ಎಷ್ಟು ಮುಖ್ಯ ಅಂತ ತಿಳಿಯಲು ಎರಡನೇ ಮಹಾಯುದ್ಧದ ಕಾಲ ನೋಡಿ. 1940ರ ಜುಲೈನಲ್ಲಿ ಟೀ ರೇಷನ್‌ಗೆ ಬಂತು. ದೊಡ್ಡವರಿಗೆ ವಾರಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಈ ಕಟ್ಟು ತೆರವಾಗಿದ್ದು 1952ರಲ್ಲಿ. ಕಷ್ಟದ ಸುದ್ದಿ ಕೇಳಿದ ಕೂಡಲೇ 'ಶಲ್ ಐ ಮೇಕ್ ಯು ಎ ಕಪ್ ಆಫ್ ಟೀ?' ಅನ್ನುವುದು ಇವತ್ತಿಗೂ ಅಲ್ಲಿ ಸಮಾಧಾನ ಹೇಳುವ ಮಾತು. ನಿಮ್ಮ ಆಫೀಸಿನಲ್ಲೋ ವಾರ್ಡಿನಲ್ಲೋ ಯಾರಾದರೂ ಬೇಜಾರಿನಲ್ಲಿದ್ದರೆ ಈ ಒಂದು ವಾಕ್ಯ ಸಾಕು.

ಹೆಜ್ಜೆ 3: ಊಟದ ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ದಕ್ಷಿಣ ಇಂಗ್ಲೆಂಡಿನಲ್ಲಿ ಮಧ್ಯಾಹ್ನ 'ಲಂಚ್', ರಾತ್ರಿ 'ಡಿನ್ನರ್' ಅಥವಾ 'ಸಪ್ಪರ್'. ಉತ್ತರದ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟವೇ 'ಡಿನ್ನರ್', ಸಂಜೆಯ ಊಟ 'ಟೀ'. ಹಾಗಾಗಿ ಲೀಡ್ಸ್‌ನಲ್ಲಿ ಯಾರಾದರೂ 'ಕಮ್ ರೌಂಡ್ ಫಾರ್ ಯುವರ್ ಟೀ' ಅಂದರೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಿ. ಪೂರ್ತಿ ಊಟ ಇರುತ್ತದೆ. ಶಾಲೆಯಲ್ಲಿ ಮಧ್ಯಾಹ್ನ ಊಟ ಬಡಿಸುವವರನ್ನು 'ಡಿನ್ನರ್ ಲೇಡಿ' ಅನ್ನುತ್ತಿದ್ದುದು ಇದೇ ಬಳಕೆಯಿಂದ. 'ಕ್ರಿಸ್ಮಸ್ ಡಿನ್ನರ್' ಕೂಡ ಸಾಮಾನ್ಯವಾಗಿ ಮಧ್ಯಾಹ್ನವೇ.

'ಕ್ರೀಮ್ ಟೀ' ಅಂದರೆ ಕೆನೆ ಹಾಕಿದ ಟೀ ಅಲ್ಲ. ಟೀ ಜೊತೆ ಬನ್ನಿನಂಥ 'ಸ್ಕೋನ್', ಜಾಮ್, ಗಟ್ಟಿಯಾದ 'ಕ್ಲಾಟೆಡ್ ಕ್ರೀಮ್'. ಇಂಗ್ಲೆಂಡಿನ ನೈಋತ್ಯದ ಎರಡು ಅಕ್ಕಪಕ್ಕದ ಪ್ರಾಂತ್ಯಗಳಲ್ಲಿ ಡೆವನ್‌ನವರು ಮೊದಲು ಕ್ರೀಮ್ ಹಚ್ಚುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. ಎರಡೂ ಕಡೆ ಹಟ ಬಲವಾಗಿದೆ.

ಇನ್ನು 'ಪುಡ್ಡಿಂಗ್'. 'ವಾಟ್ಸ್ ಫಾರ್ ಪುಡ್ಡಿಂಗ್?' ಅಂದರೆ ಊಟದ ಕೊನೆಗೆ ಸಿಹಿ ಏನು ಅಂತ. ಆದರೆ 'ಯಾರ್ಕ್‌ಶರ್ ಪುಡ್ಡಿಂಗ್' ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಅವನ್‌ನಲ್ಲಿ ಉಬ್ಬಿಸಿ ಭಾನುವಾರದ 'ರೋಸ್ಟ್' ಊಟಕ್ಕೆ ಇಡುತ್ತಾರೆ. 'ಬ್ಲ್ಯಾಕ್ ಪುಡ್ಡಿಂಗ್' ಪ್ರಾಣಿಯ ರಕ್ತದಿಂದ ಮಾಡಿದ್ದು. ಹೆಸರು ನೋಡಿ ತಟ್ಟೆಗೆ ಹಾಕಿಸಿಕೊಳ್ಳಬೇಡಿ. ಹಾಗೇ 'ವೆಲ್ಷ್ ರೇರ್‌ಬಿಟ್'ನಲ್ಲಿ ಮೊಲ ಇಲ್ಲ, ಚೀಸ್ ಹಚ್ಚಿದ ಟೋಸ್ಟ್ ಇದೆ. 'ಟೋಡ್ ಇನ್ ದ ಹೋಲ್'ನಲ್ಲಿ ಕಪ್ಪೆ ಇಲ್ಲ, ಸಾಸೇಜ್ ಇದೆ. 'ಬಬಲ್ ಅಂಡ್ ಸ್ಕ್ವೀಕ್' ಅಂದರೆ ಮಿಕ್ಕಿದ ಆಲೂಗಡ್ಡೆ, ಎಲೆಕೋಸನ್ನು ಬಾಣಲೆಯಲ್ಲಿ ಹುರಿದದ್ದು.

ಹೆಜ್ಜೆ 4: ನಮಗೆ ಗೊತ್ತು ಅಂದುಕೊಂಡ ಪದಗಳನ್ನು ಮತ್ತೆ ಕಲಿಯಿರಿ

ಇದೇ ಅತಿ ಮುಖ್ಯ ಹೆಜ್ಜೆ. ಹೊಸ ಪದ ಬಂದರೆ ಕೇಳಿ ತಿಳಿದುಕೊಳ್ಳುತ್ತೇವೆ. ಗೊತ್ತಿರುವ ಪದಕ್ಕೆ ಅಲ್ಲಿ ಬೇರೆ ಅರ್ಥ ಇದ್ದರೆ ಯಾರೂ ತಿದ್ದುವುದಿಲ್ಲ.

ನಮ್ಮ 'ಹೋಟೆಲ್' ತಿಂಡಿಯ ಜಾಗ. ಅಲ್ಲಿ ಹೋಟೆಲ್ ಅಂದರೆ ಉಳಿದುಕೊಳ್ಳುವ ಜಾಗ ಮಾತ್ರ. ಊಟಕ್ಕೆ 'ರೆಸ್ಟೋರೆಂಟ್' ಅಥವಾ 'ಕೆಫೆ'. 'ಪಾರ್ಸೆಲ್' ಅಂದರೆ ಅಂಚೆಯಲ್ಲಿ ಬರುವ ಕಟ್ಟು. ಊಟ ಕಟ್ಟಿಸಿಕೊಳ್ಳಲು 'ಟೇಕ್‌ಅವೇ' ಅನ್ನಬೇಕು. ಬದನೆಕಾಯಿ 'ಆಬರ್ಜೀನ್', ಬೆಂಡೆಕಾಯಿ 'ಓಕ್ರಾ', ದೊಣ್ಣೆ ಮೆಣಸಿನಕಾಯಿ 'ಪೆಪ್ಪರ್', ಕಡಲೆಕಾಯಿ 'ಪೀನಟ್'. ಮೊಸರು 'ಯಾಗರ್ಟ್'. 'ಕರ್ಡ್' ಅಂತ ಕೇಳಿದರೆ ನಿಂಬೆಹಣ್ಣಿನ ಸಿಹಿ 'ಲೆಮನ್ ಕರ್ಡ್' ಕೈಗೆ ಬರಬಹುದು. ನಮ್ಮ ಮಟನ್ ಸಾಮಾನ್ಯವಾಗಿ ಮೇಕೆ ಅಥವಾ ಕುರಿ. ಅಲ್ಲಿ 'ಮಟನ್' ಬಲಿತ ಕುರಿ ಮಾತ್ರ, ಎಳೆಯದಾದರೆ 'ಲ್ಯಾಮ್'. 'ಚಿಪ್ಸ್' ಬಿಸಿಯಾಗಿ ಕರಿದ ದಪ್ಪ ಆಲೂ ತುಂಡು. ಪ್ಯಾಕೆಟ್ಟಿನಲ್ಲಿ ಬರುವುದು 'ಕ್ರಿಸ್ಪ್ಸ್'. ಮೈದಾ 'ಪ್ಲೇನ್ ಫ್ಲವರ್', ರವೆ 'ಸೆಮಲೀನಾ'. ಅಡುಗೆಮನೆಯ ಗ್ಯಾಸ್ ಒಲೆ 'ಹಾಬ್'.

'ಚಟ್ನಿ' ಮತ್ತು 'ಪಿಕಲ್' ಕೂಡ ಹೀಗೇ. ಅಲ್ಲಿನ ಚಟ್ನಿ ಹಣ್ಣು, ಸಕ್ಕರೆ, ವಿನೆಗರ್ ಹಾಕಿ ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಡುವ ಸಿಹಿ ಪದಾರ್ಥ. 1922ರಿಂದ ಬರುತ್ತಿರುವ ಬ್ರಾನ್‌ಸ್ಟನ್ ಪಿಕಲ್ ಕಂದು ಬಣ್ಣದ ಹುಳಿ ಸಿಹಿ ತರಕಾರಿ ಮಿಶ್ರಣ. ಚೀಸ್ ಸ್ಯಾಂಡ್‌ವಿಚ್ಚಿಗೆ ಹಚ್ಚುತ್ತಾರೆ. ನನಗೆ ತುಂಬಾ ಇಷ್ಟವಾದ ಉದಾಹರಣೆ 'ಟಿಫಿನ್'. ನಮ್ಮ ಇಡ್ಲಿ ದೋಸೆಯ ಹೊತ್ತು ಅಲ್ಲಿ, ಅದರಲ್ಲೂ ಸ್ಕಾಟ್ಲೆಂಡಿನಲ್ಲಿ, ಬಿಸ್ಕಿಟ್ ಪುಡಿ, ಒಣದ್ರಾಕ್ಷಿ, ಚಾಕೊಲೇಟ್ ಸೇರಿಸಿ ಫ್ರಿಜ್‌ನಲ್ಲಿಟ್ಟು ಗಟ್ಟಿ ಮಾಡಿದ ಸಿಹಿ ತುಂಡು!

ಉಚ್ಚಾರಣೆಯಲ್ಲಿ ನಮ್ಮ ಕನ್ನಡದ ಒಂದು ಅಭ್ಯಾಸ ಗಮನಿಸಿ. 'ಎಲೆ'ಯನ್ನು 'ಯೆಲೆ', 'ಒಂದು' ಅನ್ನುವುದನ್ನು 'ವೊಂದು' ಅಂತ ಹೇಳುತ್ತೇವೆ. ಅದೇ ನಾಲಿಗೆ 'ಎಗ್' ಅನ್ನು 'ಯೆಗ್' ಮಾಡುತ್ತದೆ. ಮುಂದೆ ಯಾವುದೂ ಸೇರದಂತೆ ನಿಧಾನವಾಗಿ 'ಎಗ್', 'ಅನಿಯನ್', 'ಅವನ್' ಅಂತ ಹೇಳಿ ರೂಢಿ ಮಾಡಿಕೊಳ್ಳಿ. 'ಸಾಲ್ಮನ್' ಅಲ್ಲ, 'ಸ್ಯಾಮನ್'. ಚೀಸ್ ಹೆಸರುಗಳಲ್ಲಿ ಬರುವ ಊರುಗಳನ್ನು 'ಲೆಸ್ಟರ್', 'ಗ್ಲಾಸ್ಟರ್' ಅನ್ನಬೇಕು. ಉದ್ದ ಸ್ಪೆಲಿಂಗಿನ ಆ ಪ್ರಸಿದ್ಧ ಸಾಸ್ 'ವುಸ್ಟರ್‌ಶರ್'. ಕಾರ್ನ್‌ವಾಲ್‌ನ ಕಡುಬಿನಂಥ ತಿಂಡಿ 'ಪ್ಯಾಸ್ಟಿ'. 'ಸ್ಕಾನ್' ಮತ್ತು 'ಸ್ಕೋನ್' ಎರಡೂ ಸರಿ, ಅವರವರಲ್ಲೇ ಒಪ್ಪಂದ ಇಲ್ಲ.

ಹೆಜ್ಜೆ 5: ಪ್ಯಾಕೆಟ್ ಮೇಲಿನ ಅಕ್ಷರ ಓದಿ

ಸೂಪರ್‌ಮಾರ್ಕೆಟ್ ಪುಕ್ಕಟೆ ಪಾಠಶಾಲೆ. ಯಾರೂ ಅವಸರ ಮಾಡುವುದಿಲ್ಲ, ಕೈಗೆತ್ತಿಕೊಂಡು ಓದಬಹುದು. ಮೊದಲು 'ಯೂಸ್ ಬೈ' ಮತ್ತು 'ಬೆಸ್ಟ್ ಬಿಫೋರ್' ವ್ಯತ್ಯಾಸ ತಿಳಿದುಕೊಳ್ಳಿ. ಮೊದಲನೆಯದು ಸುರಕ್ಷತೆಗೆ. ಆ ದಿನ ದಾಟಿದರೆ ತಿನ್ನಬಾರದು. ಎರಡನೆಯದು ರುಚಿ, ಗುಣಮಟ್ಟಕ್ಕೆ. ಅಲರ್ಜಿ ತರಬಹುದಾದ 14 ಪದಾರ್ಥಗಳನ್ನು ಎತ್ತಿ ತೋರಿಸಬೇಕು ಅಂತ ಅಲ್ಲಿ ಕಾನೂನು ಇದೆ. ಸಾಮಾನ್ಯವಾಗಿ ದಪ್ಪಕ್ಷರದಲ್ಲಿ ಇರುತ್ತವೆ. ಆ 14 ಹೆಸರುಗಳನ್ನೇ ಒಂದು ಪಾಠ ಮಾಡಿಕೊಳ್ಳಿ: ಎಳ್ಳು 'ಸೆಸಮಿ', ಸಾಸಿವೆ 'ಮಸ್ಟರ್ಡ್', ಹೀಗೆ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರಿಟನ್ನಿನ ವೆಜಿಟೇರಿಯನ್ ಸೊಸೈಟಿ ಶುರುವಾಗಿದ್ದು 1847ರಲ್ಲಿ. ಹಾಗಾಗಿ 'ವೆಜಿಟೇರಿಯನ್' ಅಲ್ಲಿ ಹಳೆಯ ಪದ. ಆದರೆ ಆ ಪದದೊಳಗೆ ಮೊಟ್ಟೆ ಸೇರಿದೆ. 'ಪ್ಯೂರ್ ವೆಜ್' ಅಂದರೆ ಅವರಿಗೆ ಅರ್ಥವಾಗುವುದಿಲ್ಲ. 'ಐ ಆಮ್ ವೆಜಿಟೇರಿಯನ್, ಅಂಡ್ ಐ ಡೋಂಟ್ ಈಟ್ ಎಗ್ಸ್ ಈದರ್' ಅಂತ ಬಿಡಿಸಿ ಹೇಳಿ. 'ವೀಗನ್' ಅಂತ ಬರೆದಿದ್ದರೆ ಮೊಟ್ಟೆ, ಹಾಲು ಎರಡೂ ಬಳಸಿಲ್ಲ. 'ಜೆಲಟಿನ್', 'ಸೂಅಟ್', 'ಲಾರ್ಡ್', 'ಡ್ರಿಪ್ಪಿಂಗ್' ಅನ್ನುವ ನಾಲ್ಕು ಪದ ಗುರುತಿಟ್ಟುಕೊಳ್ಳಿ. ಇವು ಸಾಮಾನ್ಯವಾಗಿ ಪ್ರಾಣಿಯಿಂದ ಬಂದವು. ಮಾಮೂಲಿ ವುಸ್ಟರ್‌ಶರ್ ಸಾಸ್‌ನಲ್ಲಿ ಮೀನು ಇರುತ್ತದೆ. 'ಮಿನ್ಸ್ ಪೈ'ಯಲ್ಲಿ ಮಾಂಸ ಇರುವುದಿಲ್ಲ, ಒಣಹಣ್ಣು ಇರುತ್ತದೆ. ಆದರೆ ಹಳೆಯ ವಿಧಾನದಲ್ಲಿ ಸೂಅಟ್ ಹಾಕುತ್ತಾರೆ. ಪಟ್ಟಿ ಓದಿಯೇ ಕೊಳ್ಳಿ.

ಹೆಜ್ಜೆ 6: ಆರ್ಡರ್ ಮಾಡುವ ಮಾತು ಬಾಯಿಪಾಠ ಮಾಡಿ

'ಚಿಪ್ಪಿ', ಅಂದರೆ ಫಿಶ್ ಅಂಡ್ ಚಿಪ್ಸ್ ಅಂಗಡಿ, ಅಭ್ಯಾಸಕ್ಕೆ ಒಳ್ಳೆಯ ಜಾಗ. ಸಂಭಾಷಣೆ ಬಹುತೇಕ ಒಂದೇ ಥರ ಇರುತ್ತದೆ.

'ಹೂ ಈಸ್ ನೆಕ್ಸ್ಟ್, ಪ್ಲೀಸ್?'
'ಕುಡ್ ಐ ಹ್ಯಾವ್ ಕಾಡ್ ಅಂಡ್ ಚಿಪ್ಸ್ ಟ್ವೈಸ್, ಪ್ಲೀಸ್?'
'ಸಾಲ್ಟ್ ಅಂಡ್ ವಿನೆಗರ್?'
'ಯೆಸ್, ಪ್ಲೀಸ್. ನಾಟ್ ಟೂ ಮಚ್ ವಿನೆಗರ್.'
'ಓಪನ್ ಆರ್ ರ‍್ಯಾಪ್ಡ್?'

ಕೊನೆಯ ಪ್ರಶ್ನೆ, ಈಗಲೇ ತಿನ್ನುತ್ತೀರಾ ಅಥವಾ ಕಟ್ಟಿ ಕೊಡಲಾ ಅಂತ. 'ಕಾಡ್' ಒಂದು ಸಮುದ್ರ ಮೀನು. ಎರಡು ಪ್ಲೇಟ್ ಬೇಕಾದರೆ 'ಟ್ವೈಸ್' ಅನ್ನುವುದು ಚಿಪ್ಪಿಯ ಹಳೆಯ ರೂಢಿ. ಎಡಿನ್‌ಬರೋದಲ್ಲಿ 'ಸಾಲ್ಟ್ ಅಂಡ್ ಸಾಸ್?' ಅಂತ ಕೇಳುತ್ತಾರೆ. ಯುದ್ಧದ ಕಾಲದಲ್ಲೂ ಫಿಶ್ ಅಂಡ್ ಚಿಪ್ಸ್ ರೇಷನ್‌ಗೆ ಸೇರಲಿಲ್ಲ. ತುಂಬಾ ಅಗ್ಗ ಅನ್ನಲು 'ಚೀಪ್ ಆಸ್ ಚಿಪ್ಸ್' ಅನ್ನುವ ಮಾತು ರೂಢಿಯಲ್ಲಿದೆ. ಬರೀ ಚಿಪ್ಸ್ ಸಾಕು ಅನ್ನುವ ಸಸ್ಯಾಹಾರಿಗಳು 'ವಾಟ್ ಡು ಯು ಫ್ರೈ ಇನ್?' ಅಂತ ಕೇಳಲೇಬೇಕು. ಯಾರ್ಕ್‌ಶರ್ ಕಡೆ ಎಷ್ಟೋ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ.

ಪಬ್‌ನಲ್ಲಿ ಹೆಚ್ಚಿನ ಕಡೆ ನೀವೇ ಕೌಂಟರ್ ಹತ್ತಿರ ಹೋಗಿ ಹೇಳಬೇಕು. ಸಾಲು ಕಾಣದಿದ್ದರೂ ಯಾರ ಸರದಿ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಗುಂಪಿನಲ್ಲಿ ಒಬ್ಬೊಬ್ಬರು ಒಂದು ಸಲ ಎಲ್ಲರಿಗೂ ಕೊಡಿಸುವುದು 'ರೌಂಡ್'. 'ಇಟ್ಸ್ ಮೈ ರೌಂಡ್. ವಾಟ್ ಆರ್ ಯು ಹ್ಯಾವಿಂಗ್?' ಅಂತ ಕೇಳುವುದು ನಿಮ್ಮ ಸರದಿ ಬಂದಾಗ ಮರೆಯಬಾರದ ಮರ್ಯಾದೆ. ಕುಡಿಯದವರು 'ಎ ಲೈಮ್ ಅಂಡ್ ಸೋಡಾ ಫಾರ್ ಮಿ, ಪ್ಲೀಸ್' ಅಂದರೆ ಸಾಕು, ಕಾರಣ ಹೇಳಬೇಕಾಗಿಲ್ಲ. ಒಂದು 'ಪೈಂಟ್' ಅಂದರೆ 568 ಮಿಲಿ ಲೀಟರ್. 'ಚಿಯರ್ಸ್' ಅನ್ನುವುದು ಗ್ಲಾಸ್ ಎತ್ತುವಾಗ ಮಾತ್ರ ಅಲ್ಲ. ಬಾಗಿಲು ಹಿಡಿದು ನಿಂತವರಿಗೂ 'ಚಿಯರ್ಸ್', ಅಂದರೆ ಥ್ಯಾಂಕ್ಸ್.

ಇನ್ನು ಶುರುವಿನಲ್ಲಿ ಹೇಳಿದ ಕೆಫೆಯವರು 'ಲವ್' ಅಂದದ್ದು ಪ್ರೀತಿಯ ಮಾತೇನಲ್ಲ, ಸುಮ್ನೆ ಸ್ನೇಹದ ಕರೆ. ಊರಿಗೊಂದು ಪದ ಇದೆ. ನಾಟಿಂಗ್‌ಹ್ಯಾಮ್ ಕಡೆ 'ಡಕ್', ನ್ಯೂಕಾಸಲ್ ಕಡೆ 'ಪೆಟ್', ಗ್ಲಾಸ್ಗೋದಲ್ಲಿ ಹೆಂಗಸರಿಗೆ 'ಹೆನ್'. ಕೇಳಿ ನಕ್ಕರೆ ಸಾಕು, ತಿರುಗಿ ಬಳಸುವ ಅಗತ್ಯ ಇಲ್ಲ.

ಹೆಜ್ಜೆ 7: ಬೇಕು, ಬೇಡ ಹೇಳುವ ರೀತಿ

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇದೆ. 'ಒಂದು ಟೀ ಕೊಡಿ' ಅಂದರೆ ಸಾಕು, ಗೌರವ ಬಂತು. ಇದನ್ನೇ 'ಗಿವ್ ಮಿ ಒನ್ ಟೀ' ಅಂತ ಹೇಳಿದರೆ ಗದರಿಸಿದಂತೆ ಕೇಳುತ್ತದೆ. ಇಂಗ್ಲಿಷ್‌ನಲ್ಲಿ ಆ ಮರ್ಯಾದೆಯನ್ನು 'ಕುಡ್ ಐ', 'ಮೇ ಐ', 'ಪ್ಲೀಸ್' ಇವುಗಳಿಂದ ತರಬೇಕು. ಇದೊಂದು ತಿದ್ದಿಕೊಂಡರೆ ಜನ ನಿಮ್ಮ ಜೊತೆ ಮಾತಾಡುವ ರೀತಿಯೇ ಬದಲಾಗುತ್ತದೆ.

ಉಪಚಾರದಲ್ಲೂ ವ್ಯತ್ಯಾಸ ಇದೆ. ನಮ್ಮಲ್ಲಿ ಅತಿಥಿ 'ಬೇಡ, ಸಾಕು' ಅಂದರೂ ಬಡಿಸುವವರು ಬಿಡುವುದಿಲ್ಲ. ಮೂರನೇ ಸಲಕ್ಕೆ ಒಪ್ಪುತ್ತೇವೆ. ಅಲ್ಲಿ ಒಮ್ಮೆ 'ನೋ, ಥ್ಯಾಂಕ್ಸ್' ಅಂದರೆ ಮುಗಿಯಿತು, ಎರಡನೇ ಸಲ ಬಹಳ ಮಂದಿ ಕೇಳುವುದಿಲ್ಲ. ಬೇಕಿದ್ದರೆ ಮೊದಲ ಸಲವೇ 'ಓ, ಗೋ ಆನ್ ದೆನ್' ಅನ್ನಿ. ಸಂಕೋಚದಿಂದ ಒಪ್ಪುವ ಈ ಮಾತು ಅವರಿಗೆ ತುಂಬಾ ಆಪ್ತ. 'ಐ ಆಮ್ ಆಲ್‌ರೈಟ್, ಥ್ಯಾಂಕ್ಸ್' ಅಂದರೆ ಬೇಡ ಅಂತ ಅರ್ಥ. 'ನಾಟ್ ಬ್ಯಾಡ್' ಅಂದರೆ ಚೆನ್ನಾಗಿದೆ ಅಂತಲೇ. ಊಟ ಮಾಡಿಸಿದವರಿಗೆ 'ದಟ್ ವಾಸ್ ಲವ್ಲಿ, ಥ್ಯಾಂಕ್ ಯು' ಹೇಳದೆ ಏಳಬೇಡಿ.

ಹೆಜ್ಜೆ 8: ನುಡಿಗಟ್ಟು ವಾರಕ್ಕೆ ಮೂರು, ಅದಕ್ಕಿಂತ ಜಾಸ್ತಿ ಬೇಡ

ಕನ್ನಡದಲ್ಲಿ ಜೋಡಿ ಸಿಗುವವನ್ನು ಮೊದಲು ಕಲಿಯಿರಿ. 'ಸೆಲ್ಲಿಂಗ್ ಲೈಕ್ ಹಾಟ್ ಕೇಕ್ಸ್' ನಮ್ಮ 'ಬಿಸಿ ದೋಸೆಯಂತೆ ಖರ್ಚಾಗುವುದು'. 'ಸಾರ್ ಗ್ರೇಪ್ಸ್' ನಮ್ಮ 'ಕೈಗೆಟುಕದ ದ್ರಾಕ್ಷಿ ಹುಳಿ'. ಆಮೇಲೆ ದಿನಬಳಕೆಯವು: 'ನಾಟ್ ಮೈ ಕಪ್ ಆಫ್ ಟೀ', ನನಗೆ ಅದು ಹಿಡಿಸಲ್ಲ. 'ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್', ಪೂರ್ತಿ ನಂಬಬೇಡ. 'ಬ್ರೆಡ್ ಅಂಡ್ ಬಟರ್', ಹೊಟ್ಟೆಪಾಡಿನ ಕೆಲಸ. 'ಓವರ್ ಎಗ್ ದ ಪುಡ್ಡಿಂಗ್', ಅತಿ ಮಾಡಿ ಕೆಡಿಸುವುದು.

ಕೆಲವಕ್ಕೆ ಸಂಸ್ಕೃತಿ ಗೊತ್ತಿರಲೇಬೇಕು. 'ಹಿ ಈಸ್ ಎ ಬಿಟ್ ಮಾರ್ಮೈಟ್' ಅಂದರೆ ಏನು? ಮಾರ್ಮೈಟ್ 1902ರಲ್ಲಿ ಬರ್ಟನ್ ಅಪಾನ್ ಟ್ರೆಂಟ್ ಊರಿನಲ್ಲಿ ಶುರುವಾಯಿತು. ಬಿಯರ್ ತಯಾರಿಕೆಯಲ್ಲಿ ಮಿಕ್ಕ ಯೀಸ್ಟ್‌ನಿಂದ ಮಾಡಿದ, ತುಂಬಾ ಉಪ್ಪಾದ, ಕಪ್ಪು ಬಣ್ಣದ, ಟೋಸ್ಟ್‌ಗೆ ಹಚ್ಚುವ ಪದಾರ್ಥ. ಇಷ್ಟವಾದವರಿಗೆ ಪ್ರಾಣ, ಆಗದವರಿಗೆ ವಾಸನೆಯೂ ಬೇಡ. ಕಂಪನಿಯೇ 1990ರ ದಶಕದಲ್ಲಿ ಇದನ್ನು ಜಾಹೀರಾತು ಮಾಡಿಕೊಂಡಿತು. ಈಗ ಕೆಲವರು ಮೆಚ್ಚುವ, ಕೆಲವರು ದ್ವೇಷಿಸುವ ಯಾರನ್ನೇ ಆಗಲಿ ಹಾಗೆ ಕರೆಯುತ್ತಾರೆ.

ನುಡಿಗಟ್ಟನ್ನು ಮೂರು ಸಲ ಬೇರೆಯವರ ಬಾಯಲ್ಲಿ ಕೇಳಿದ ಮೇಲೆ ನೀವು ಬಳಸಿ. ವಿದೇಶಕ್ಕೆ ಹೋಗುವವರ ಇಂಗ್ಲಿಷ್ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಒಂದರ ಮೇಲೊಂದು ತುರುಕಿದರೆ ಮಾತು ಕೃತಕವಾಗುತ್ತದೆ.

ಹೆಜ್ಜೆ 9: ಹಬ್ಬದ ಕ್ಯಾಲೆಂಡರ್ ಇಟ್ಟುಕೊಳ್ಳಿ

ಜನವರಿ 25 ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ನೆನಪಿನ ಬರ್ನ್ಸ್ ನೈಟ್, ಕುರಿಯ ಒಳಾಂಗಗಳಿಂದ ಮಾಡುವ 'ಹ್ಯಾಗಿಸ್' ತಿನ್ನುವ ರಾತ್ರಿ. ಈಸ್ಟರ್ ಉಪವಾಸಕ್ಕೆ ಮುಂಚಿನ ಮಂಗಳವಾರ 'ಪ್ಯಾನ್‌ಕೇಕ್ ಡೇ', ನಿಂಬೆರಸ ಮತ್ತು ಸಕ್ಕರೆ ಹಾಕಿ ತಿನ್ನುತ್ತಾರೆ. ಗುಡ್ ಫ್ರೈಡೇಗೆ 'ಹಾಟ್ ಕ್ರಾಸ್ ಬನ್'. ವಿಂಬಲ್ಡನ್ ಬಂದರೆ ಸ್ಟ್ರಾಬೆರಿ ಮತ್ತು ಕ್ರೀಮ್. ನವೆಂಬರ್ 5 ಪಟಾಕಿಯ 'ಬಾನ್‌ಫೈರ್ ನೈಟ್', ಯಾರ್ಕ್‌ಶರ್‌ನಲ್ಲಿ ಶುಂಠಿ ಹಾಕಿದ 'ಪಾರ್ಕಿನ್' ಕೇಕ್. ಆಯಾ ವಾರದಲ್ಲಿ ಆಯಾ ಪದ ಕಲಿತರೆ ಸುದ್ದಿಯಲ್ಲಿ, ಅಂಗಡಿಯಲ್ಲಿ ಅದೇ ಮತ್ತೆ ಮತ್ತೆ ಕಾಣುತ್ತದೆ.

ಹೆಜ್ಜೆ 10: ಅಲ್ಲಿಗೆ ಹೋದ ಭಾರತೀಯ 'ಕರಿ' ಊಟದ ಕಥೆ ಹೇಳಿ, ನಮ್ಮ ಅಡುಗೆ ವಿವರಿಸಿ

ಭಾರತದಿಂದ ಹೋದ ಸೇಕ್ ದೀನ್ ಮಹಮ್ಮದ್ 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟ ಸಿಗುವ ಹಿಂದೂಸ್ತಾನಿ ಕಾಫಿ ಹೌಸ್ ತೆರೆದರು. 2001ರಲ್ಲಿ ವಿದೇಶಾಂಗ ಸಚಿವರಾಗಿದ್ದ ರಾಬಿನ್ ಕುಕ್, ಚಿಕನ್ ಟಿಕ್ಕಾ ಮಸಾಲವನ್ನು ಬ್ರಿಟನ್ನಿನ ರಾಷ್ಟ್ರೀಯ ಖಾದ್ಯ ಅಂತ ಕರೆದರು. ಮೀನು, ಮೊಟ್ಟೆ, ಅನ್ನದ 'ಕೆಜರೀ' ನಮ್ಮ ಕಿಚಡಿಯಿಂದ ಬಂದದ್ದು. 'ಮಲ್ಲಿಗಟಾನಿ' ಸೂಪ್ ತಮಿಳಿನ ಮೆಣಸಿನ ನೀರಿನಿಂದ. ಇವನ್ನು ಒಂದು ನಿಮಿಷದ ಮಾತಾಗಿ ಹೇಳಲು ಅಭ್ಯಾಸ ಮಾಡಿ. ಅಲ್ಲಿನವರು ಆಸಕ್ತಿಯಿಂದ ಕೇಳುತ್ತಾರೆ.

ಬಿಸಿಬೇಳೆ ಬಾತ್ ಅಂದರೇನು ಅಂತ ಅವರು ಕೇಳಿಯೇ ಕೇಳುತ್ತಾರೆ. ಒಂದು ಅಚ್ಚು ಸಾಕು: 'ಇಟ್ಸ್ ಎ ಕೈಂಡ್ ಆಫ್..., ಮೇಡ್ ವಿತ್..., ಸರ್ವ್ಡ್ ವಿತ್...'. 'ಇಟ್ಸ್ ಎ ಕೈಂಡ್ ಆಫ್ ಸ್ಪೈಸಿ ರೈಸ್ ಡಿಶ್, ಮೇಡ್ ವಿತ್ ಲೆಂಟಿಲ್ಸ್ ಅಂಡ್ ವೆಜಿಟಬಲ್ಸ್, ಸರ್ವ್ಡ್ ವಿತ್ ಎ ಸ್ಪೂನ್‌ಫುಲ್ ಆಫ್ ಘೀ.' ಇದೇ ಅಚ್ಚಿಗೆ ಅಕ್ಕಿರೊಟ್ಟಿ, ನೀರುದೋಸೆ, ಮುದ್ದೆ ಹಾಕಿ ನೋಡಿ.

ಹೆಜ್ಜೆ 11: ಒಂದು ಅಡುಗೆ ಮಾಡಿ, ಇನ್ನೊಂದು ಬರೆಯಿರಿ

ಕ್ರಿಯಾಪದಗಳು ಕೈಯಿಂದ ಕಲಿತರೆ ಮರೆಯುವುದಿಲ್ಲ. ಸ್ಕೋನ್ ಮಾಡಿ, ಮೊಟ್ಟೆ ಬೇಕಿಲ್ಲ. 225 ಗ್ರಾಂ ಮೈದಾಕ್ಕೆ ಮೂರು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. 50 ಗ್ರಾಂ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ರವೆಯಂತೆ ಮಾಡಿ. ಇದು 'ರಬ್ ಇನ್'. 25 ಗ್ರಾಂ ಸಕ್ಕರೆ ಬೆರೆಸಿ, 'ಸ್ಟರ್ ಇನ್'. ಸುಮಾರು 150 ಮಿಲಿ ಲೀಟರ್ ಹಾಲು ಹಾಕಿ ಮೆತ್ತಗೆ ಕಲಸಿ. ಹೆಚ್ಚು ನಾದಬೇಡಿ, 'ಡು ನಾಟ್ ಓವರ್‌ವರ್ಕ್ ದ ಡೋ'. ಎರಡು ಸೆಂಟಿಮೀಟರ್ ದಪ್ಪಕ್ಕೆ ತಟ್ಟಿ, ಲೋಟದಿಂದ ಗುಂಡಗೆ ಕತ್ತರಿಸಿ, 'ಕಟ್ ಔಟ್'. ಮೊದಲೇ ಬಿಸಿಯಾದ ಅವನ್‌ನಲ್ಲಿ 220 ಡಿಗ್ರಿಯಲ್ಲಿ 12ರಿಂದ 15 ನಿಮಿಷ, 'ಅಂಟಿಲ್ ಗೋಲ್ಡನ್'. ಕ್ಲಾಟೆಡ್ ಕ್ರೀಮ್ ಸಿಗದಿದ್ದರೆ ಮನೆಯ ಹಾಲಿನ ಗಟ್ಟಿ ಕೆನೆ ಹಚ್ಚಿ. ಪ್ರತಿ ಹಂತದಲ್ಲೂ ಇಂಗ್ಲಿಷ್ ಮಾತನ್ನು ಜೋರಾಗಿ ಹೇಳಿ. ಬಿಬಿಸಿ ಫುಡ್ ತಾಣದಲ್ಲಿ ಇಂಥ ಪಾಕವಿಧಾನ ಬೇಕಾದಷ್ಟಿವೆ.

ಆಮೇಲೆ ಉಪ್ಪಿಟ್ಟನ್ನು ಬ್ರಿಟಿಷ್ ಓದುಗರಿಗಾಗಿ ಎಂಟು ಸಾಲಿನಲ್ಲಿ ಬರೆಯಿರಿ. ರವೆ ಹುರಿಯುವುದು 'ಡ್ರೈ ರೋಸ್ಟ್'. ಈರುಳ್ಳಿ ಸಣ್ಣಗೆ ಹೆಚ್ಚುವುದು 'ಫೈನ್ಲಿ ಚಾಪ್'. ಸಾಸಿವೆ ಸಿಡಿಯುವವರೆಗೆ, 'ಅಂಟಿಲ್ ದ ಮಸ್ಟರ್ಡ್ ಸೀಡ್ಸ್ ಪಾಪ್'. ನೀರು ಕುದಿಸುವುದು 'ಬ್ರಿಂಗ್ ಟು ದ ಬಾಯಿಲ್'. ರವೆ ಸುರಿಯುತ್ತಾ ಕೈಯಾಡಿಸುವುದು 'ಪೋರ್ ಇನ್ ಗ್ರ್ಯಾಜುಯಲಿ, ಸ್ಟರಿಂಗ್ ಆಲ್ ದ ಟೈಮ್'. ಗಂಟಾಗದಂತೆ, 'ಸೋ ದಟ್ ನೋ ಲಂಪ್ಸ್ ಫಾರ್ಮ್'. ಒಗ್ಗರಣೆಗೆ ಅವರಲ್ಲಿ ಒಂದೇ ಪದ ಇಲ್ಲ, ಎಣ್ಣೆಯಲ್ಲಿ ಏನೇನು ಯಾವ ಕ್ರಮದಲ್ಲಿ ಹಾಕುತ್ತೀರಿ ಅಂತ ಬಿಡಿಸಿಯೇ ಬರೆಯಬೇಕು. ಬರೆದದ್ದನ್ನು ಅಡುಗೆ ಗೊತ್ತಿಲ್ಲದ ಯಾರಿಗಾದರೂ ಕೊಟ್ಟು, ಅದನ್ನು ಮಾತ್ರ ನೋಡಿಕೊಂಡು ಉಪ್ಪಿಟ್ಟು ಮಾಡಲು ಹೇಳಿ. ಅವರು ಎಲ್ಲಿ ನಿಂತು ಪ್ರಶ್ನೆ ಕೇಳುತ್ತಾರೋ ಆ ಸಾಲನ್ನು ಮತ್ತೆ ಬರೆಯಿರಿ.